ರೈಲು ಹತ್ತಿದ ಮೇಲಿನ ಮಾತು

ನನ್ನ ಮಗಳ ಅತ್ತೆ, ಅಂದರೆ ನಮ್ಮ ಬೀಗತಿ, ನಾಲವಾರದವರು. ಮದುವೆಯ ಮಾತುಕತೆಗೆ ಬಂದಾಗ ನನ್ನ ನೌಕರಿ ಏನೆಂದು ಕೇಳಿದ್ದರು. ಸೇಡಂನ ಸಂಗ್ರಹಾಲಯದಲ್ಲಿದ್ದೇನೆ, ಬಂದವರಿಗೆ ಹಳೆಯ ಮೂರ್ತಿ, ಶಾಸನ ತೋರಿಸಿ ಅವುಗಳ ಕತೆ ಹೇಳುತ್ತೇನೆ ಎಂದೆ. "ಛಲೋ ಆತ್ರಿ" ಅಂದರು. ಆಮೇಲೆ ಮದುವೆಯ ಮನೆಯಲ್ಲಿ ತಮ್ಮ ಬಳಗಕ್ಕೆಲ್ಲ ನನ್ನನ್ನು ತೋರಿಸುತ್ತ, "ಇವರು ನಮ್ಮ ಬೀಗತೇರು, ಸೇಡಮ್ಮಿನಾಗ ಏನೋ ಸರ್ಕಾರಿ ಕೆಲಸ ಮಾಡ್ತಾರ" ಎನ್ನುತ್ತ ಹೋದರು. ಆ 'ಏನೋ' ನನಗೆ ಚುಚ್ಚಿತು. ಶಿಕ್ಷಕಿಯೋ ನರ್ಸೋ ಆಗಿದ್ದರೆ ಅವರಿಗೆ ಆ ತೊಂದರೆ ಇರುತ್ತಿರಲಿಲ್ಲ. ಕಲ್ಲು ತೋರಿಸುವವಳಿಗೆ ಏನೆನ್ನಬೇಕೆಂದು ತಿಳಿಯಲಿಲ್ಲ, ಅಷ್ಟೇ. ಬೀಗತಿಯ ಮೇಲೆ ಸಿಟ್ಟಾಗುವಂತಿಲ್ಲ. ನುಂಗಿಕೊಂಡೆ, ಯಾರ ಮುಂದೆಯೂ ಆಡಲಿಲ್ಲ. ನನ್ನ ಗಂಡನ ಮುಂದೆ ಮಾತ್ರ ದಿನಾ ಆಡಿದೆ.

ನಮ್ಮದು ದೊಡ್ಡ ಸಂಗ್ರಹಾಲಯವಲ್ಲ. ಹಳೆಯ ಕಚೇರಿಯ ಕಟ್ಟಡ, ಸಣ್ಣ ಸಣ್ಣ ಕೋಣೆಗಳು, ನೆಲಕ್ಕೆ ಶಹಾಬಾದಿನ ಫರಸಿ ಕಲ್ಲು. ಸುತ್ತಲಿನ ಊರುಗಳಲ್ಲಿ ಹೊಲ ಉಳುವಾಗ, ಬಾವಿ ತೋಡುವಾಗ ಸಿಕ್ಕ ಕಲ್ಲುಗಳೇ ನಮ್ಮ ಆಸ್ತಿ. ಒಂದು ಜಿನಮೂರ್ತಿ ಇದೆ, ಬುದ್ಧನ ಪಾದ ಕೆತ್ತಿದ ಹಲಗೆ ಇದೆ, ಅರ್ಧ ಮುರಿದ ಶಾಸನಗಳಿವೆ. ನನಗೆ ಎಲ್ಲಕ್ಕಿಂತ ಹತ್ತಿರದ್ದು ಆಡಕಿ ಕಡೆಯ ಹೊಲದಿಂದ ಬಂದ ಒಂದು ವೀರಗಲ್ಲು. ಕಳ್ಳರು ಹೊಡೆದುಕೊಂಡು ಹೋದ ಊರಿನ ದನಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು ಅದು. ಕೆಳಗೆ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಕೈಲಾಸ. ಮೂಲೆಯಲ್ಲಿ ಒಂದು ಆಕಳು ತಿರುಗಿ ನೋಡುತ್ತ ನಿಂತಿದೆ. ಆ ಆಕಳ ಕಣ್ಣು ನೋಡಿದವರು ಸುಮ್ಮನೆ ಮುಂದೆ ಹೋಗುವುದಿಲ್ಲ, ಒಂದು ಮಾತಾದರೂ ಆಡುತ್ತಾರೆ.

ಮೊಬೈಲಿನಲ್ಲೇ ಗೈಡ್ ಬರುವಂಥ ಆ್ಯಪ್ ಮಾಡಿಸುತ್ತಿದ್ದೇವೆ ಎಂದು ಕಲಬುರಗಿಯ ನಮ್ಮ ಸಾಹೇಬರು ಹೇಳಿದಾಗ ನಾನು ಮುಖ ಗಂಟಿಕ್ಕುತ್ತೇನೆಂದು ಅವರು ಅಂದುಕೊಂಡಿದ್ದರು. ನನಗೆ ಖುಷಿಯೇ ಆಯಿತು. ನಾನಿನ್ನು ನಿವೃತ್ತಿಯ ಹೊಸ್ತಿಲಲ್ಲಿ ಇರುವವಳು. ನನ್ನ ಜಾಗಕ್ಕೆ ಬೇರೆಯವರು ಬರುವುದಿಲ್ಲ, ಹುದ್ದೆಯನ್ನೇ ತೆಗೆದಿದ್ದಾರೆ. ನಾನು ಹೋದ ಮರುದಿನ ಈ ಕಲ್ಲುಗಳೆಲ್ಲ ಮೂಕವಾಗಿಬಿಡುತ್ತವೆ ಎಂಬ ಯೋಚನೆ ಊಟದ ಹೊತ್ತಿಗೂ ಬಂದು ಕೂಡುತ್ತಿತ್ತು. ಮೊಬೈಲಾದರೂ ಮಾತಾಡಲಿ ಅಂದೆ. ಆದರೆ ಅದು ನಮ್ಮ ಮಂದಿಯ ಜೊತೆ ಮಾತಾಡಬೇಕು.

ಆ್ಯಪ್ ಮಾಡಿದವಳು ಕಲಬುರಗಿಯ ಒಂದು ಸಣ್ಣ ಕಂಪನಿಯ ಎಂಜಿನಿಯರ್, ಚುರುಕು ಹೆಣ್ಣುಮಗಳು. ಜನರ ಕೈಗೆ ಕೊಟ್ಟು ಪರೀಕ್ಷೆ ಮಾಡಬೇಕು, ಅದಕ್ಕೊಂದು ಪದ್ಧತಿ ಇದೆ ಎಂದು ಯೋಜನೆ ಹಾಕಿಕೊಂಡೇ ಬಂದಳು. ಒಬ್ಬೊಬ್ಬರ ಕೈಗೆ ಒಂದೊಂದು ಫೋನು, ಕಿವಿಗೆ ಇಯರ್‌ಫೋನು. ನೋಡುತ್ತ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತ ನಡೆಯಬೇಕು. ಕೊನೆಗೆ ಐದರಲ್ಲಿ ಎಷ್ಟು ಸ್ಟಾರು ಎಂದು ಕೊಡಬೇಕು. ಯೋಜನೆ ಓದಿ ನಾನೂ ತಲೆಯಾಡಿಸಿದೆ. ಚಿಂಚೋಳಿಯಿಂದ ಬಸ್ಸಿನಲ್ಲಿ ಒಂದು ಕುಟುಂಬ ಬಂತು, ಶಹಾಬಾದಿನಿಂದ ಕೆಲವು ಶಿಕ್ಷಕರು, ವಾಡಿಯಿಂದ ರೈಲ್ವೆ ಕ್ವಾರ್ಟರ್ಸಿನ ಹೆಣ್ಣುಮಕ್ಕಳು. ದೂರದಿಂದ ಬಂದವರೆಂದು ಮೊದಲು ಎಲ್ಲರಿಗೂ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ, ಚಹಾ ಕೊಟ್ಟು ಕೂಡಿಸಿ ಮಾತಾಡಿಸಿದೆವು. ಆಮೇಲೆ ಫೋನು ಕೊಟ್ಟೆವು.

ಬಾಯಿಬಿಟ್ಟು ಹೇಳಿ ಎಂದರೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಎರಡು ಕಲ್ಲು ದಾಟುವಷ್ಟರಲ್ಲಿ ಫೋನುಗಳು ಜೇಬು ಸೇರಿದವು, ವ್ಯಾನಿಟಿ ಬ್ಯಾಗು ಸೇರಿದವು. ಮಂದಿ ತಮ್ಮ ತಮ್ಮಲ್ಲೇ ಗುಂಪಾಗಿ ಕೈ ತೋರಿಸಿ ಮಾತಾಡಿಕೊಳ್ಳುತ್ತ ನಡೆದರು. ಕೊನೆಗೆ ಸ್ಟಾರು ಕೇಳಿದರೆ ಎಲ್ಲರದೂ ಐದಕ್ಕೆ ಐದು. ವಾಡಿಯ ಒಬ್ಬ ಹೆಣ್ಣುಮಗಳಂತೂ ಆ್ಯಪ್ ತೆರೆಯುವ ಮೊದಲೇ, "ನಮ್ಮವು ಐದೂ ಬರಕೋರಿ, ಕಡಿಮಿ ಯಾಕ ಕೊಡೂದು" ಅಂದಳು. ಮದುವೆಯಲ್ಲಿ ಮುಯ್ಯಿ ಓದಿಸುವ ಹಾಗೆ ಸ್ಟಾರು ಓದಿಸಿ ಹೋದರು ನಮ್ಮ ಮಂದಿ. ಚಹಾ ಕುಡಿದ ಜಾಗದಲ್ಲಿ ಕೊರತೆ ಹೇಳುವಷ್ಟು ಮರ್ಯಾದೆಗೆಟ್ಟವರು ಈ ತಾಲ್ಲೂಕಿನಲ್ಲಿ ಹುಟ್ಟಿಲ್ಲ. ನಾನು ಅದನ್ನು ಮೊದಲೇ ನೆನೆಯಬೇಕಿತ್ತು.

ಸಾಹೇಬರಿಗೆ ಮಾತ್ರ ಹಬ್ಬ. "ಎಲ್ಲಾರೂ ಪೂರಾ ಮಾರ್ಕ್ಸ್ ಕೊಟ್ಟಾರ ಮೇಡಂ. ಇನ್ನೇನು, ಉದ್ಘಾಟನಾ ಇಟ್ಟುಬಿಡೋಣ" ಅಂದರು.

"ಸರ್, ಮಾರ್ಕ್ಸ್ ಕೊಟ್ಟಿದ್ದು ಭಜಿಗಿ" ಅಂದೆ.

ನನ್ನ ಬಾಯಿ ಹೀಗೆಯೇ, ಮೊದಲು ಆಡುತ್ತದೆ, ಆಮೇಲೆ ನನ್ನನ್ನು ಕೇಳುತ್ತದೆ. ಸಾಹೇಬರು ಕೆಟ್ಟವರಲ್ಲ, ಅವಸರದವರು. "ಇನ್ನೊಂದು ಸಲ ಮಾಡ್ರಿ. ಆ ಸಲಾನೂ ಛಲೋ ಅದ ಅಂದ್ರ ಹಿಂಗೇ ಹೋಗ್ತದ. ಆಮ್ಯಾಲ ಕಂಪನಿಯೋರು ಒಂದು ಅಕ್ಷರಾನೂ ಬದಲು ಮಾಡಂಗಿಲ್ಲ, ಕರಾರಿನಾಗೇ ಹಂಗದ" ಅಂದರು. ಅಂದರೆ ನಮಗೆ ಉಳಿದದ್ದು ಒಂದೇ ಅವಕಾಶ. ಅದರಲ್ಲಿ ಮಂದಿಯ ಬಾಯಿಂದ ಖರೇ ಮಾತು ಹೊರಡಿಸದಿದ್ದರೆ, ಎರಡು ಕಲ್ಲಿಗೇ ಜೇಬು ಸೇರುವ ಆ ಆ್ಯಪೇ ನನ್ನ ನಂತರ ಈ ಕಲ್ಲುಗಳಿಗೆ ಗತಿ.

ಮನೆಗೆ ಬಂದು ಗಂಡನ ಮುಂದೆ ಗೊಣಗಿದೆ. "ನಮ್ಮ ಮಂದಿ ಖರೇ ಮಾತು ಆಡೋದಾದರೂ ಎಲ್ಲಿ?" ಎಂದು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ನಿನ್ನ ಉಪ್ಪಿಟ್ಟಿಂದು ಎಲ್ಲಿ ಆಡಿದ್ರು?" ಅಂದರು.

ಹೌದಲ್ಲ. ಮಗಳನ್ನು ನೋಡಲು ಬಂದ ದಿನ ಬೀಗರು ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು, ಭಾಳ ಛಲೋ ಆಗ್ಯದ ಎಂದು ಮತ್ತೊಮ್ಮೆ ಹಾಕಿಸಿಕೊಂಡು ಹೋಗಿದ್ದರು. ಅದಕ್ಕೆ ಉಪ್ಪು ಜಾಸ್ತಿಯಾಗಿದ್ದ ಸಂಗತಿ ಅವರ ರೈಲು ಚಿತ್ತಾಪುರ ದಾಟುವ ಮೊದಲೇ ಚರ್ಚೆಯಾಗಿ ಮುಗಿದಿತ್ತಂತೆ. ಮಗಳು ಮದುವೆಯಾದ ಮೇಲೆ ನಗುತ್ತ ಹೇಳಿದ್ದಳು. ಹೆಣ್ಣು ನೋಡಲು ಹೋಗಲಿ, ಹೊಸಮನೆಯ ಊಟಕ್ಕೆ ಹೋಗಲಿ, ನಮ್ಮಲ್ಲಿ ತೀರ್ಪು ಆಗುವುದು ಮರಳಿ ಬರುವ ದಾರಿಯಲ್ಲಿ. ಹೊಸ್ತಿಲೊಳಗೆ ಎಲ್ಲವೂ ಛಲೋ. ರೈಲು ಹತ್ತಿದ ಮೇಲಿನದೇ ನಿಜವಾದ ಮಾತು.

ಮರುದಿನವೇ ನಾನು ಯೋಜನೆಯನ್ನು ತಿರುವಿ ಹಾಕಿದೆ. ಸಂಗ್ರಹಾಲಯದಲ್ಲಿ ಒಂದು ತೊಟ್ಟು ಚಹಾ ಕೊಡಬಾರದು. ಸ್ಟಾರು ಬೇಡ, ಪ್ರಶ್ನೆಯೂ ಬೇಡ. ಯಾರನ್ನೂ ಒಂಟಿಯಾಗಿ ಬಿಡಬಾರದು, ಮನೆಯಿಂದ ಹೇಗೆ ಹೊರಟರೋ ಹಾಗೇ, ಗುಂಪಿಗೊಂದೇ ಫೋನು ಹಿಡಿದು ಕೂಡಿ ನೋಡಲಿ. ನಾನು ಕಣ್ಣಿಗೇ ಬೀಳಬಾರದು. ನೋಡಿ ಹೊರಟವರ ಜೊತೆ ಎಂಜಿನಿಯರ್ ರೈಲು ಹತ್ತಬೇಕು, ಕೇಳುವುದೇನಿದ್ದರೂ ಅಲ್ಲಿ ಕೇಳಬೇಕು.

"ಮೇಡಂ, ಟೆಸ್ಟಿಂಗ್ ಅಂದ್ರ ಆ್ಯಪ್ ಮುಂದ ಇಟ್ಕೊಂಡು ಮಾಡೂದು. ರೈಲಿನಾಗ ಯಾರು ಮಾಡ್ತಾರ?" ಅಂದಳು ಅವಳು.

"ನಮ್ಮ ಕಡೆ ಹಿಂಗೇ ಮಾಡ್ತಾರವ್ವ. ನೀ ಬರೇ ಟಿಕೆಟ್ ತಗಿ" ಅಂದೆ.

ನಾನು ಎಣಿಸಿರದ ಸಂಗತಿ ಒಂದಿತ್ತು. ಮಗಳ ಬಾಯಿಂದ ವಿಷಯ ಕೇಳಿದ ಬೀಗತಿ, "ನಾವೂ ಬರ್ತೀವಿ, ಬೀಗತೇರ ಕೆಲಸ ನೋಡಿದಂಗೂ ಆಗ್ತದ" ಎಂದು ತಮ್ಮ ವಾರಗಿತ್ತಿಯನ್ನೂ ಪಕ್ಕದ ಮನೆಯಾಕೆಯನ್ನೂ ಕರೆದುಕೊಂಡು ಹೊರಟೇಬಿಟ್ಟರು. ಬೇಡ ಎನ್ನಲು ಬರುತ್ತದೆಯೇ? ಆ ಭಾನುವಾರ ನಾನು ಕಚೇರಿಯ ಕೋಣೆಯಲ್ಲಿ ಬಾಗಿಲು ಅರೆಮುಚ್ಚಿ ಕುಳಿತೆ. ಕಿಟಕಿಯಿಂದ ವೀರಗಲ್ಲಿನ ಕೋಣೆ ಕಾಣುತ್ತದೆ. ಹಿರಿಯರೆಂದು ಉಳಿದಿಬ್ಬರು ಇಯರ್‌ಫೋನನ್ನು ಬೀಗತಿಗೇ ಕೊಟ್ಟರು. ಅವರು ಕಿವಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ನಿಂತರು, ಅಕ್ಕಪಕ್ಕ ನೋಡಿದರು, ತೆಗೆದು ಸುತ್ತಿ ಬ್ಯಾಗಿಗೆ ಹಾಕಿದರು. ಹಾಗಾದರೆ ಇಲ್ಲೂ ಅದೇ ಕತೆ.

ಹೊರಡುವಾಗ ಗೇಟಿನ ತನಕ ಹೋಗದೆ ಇರಲಾಗಲಿಲ್ಲ. "ಹ್ಯಾಂಗನಿಸ್ತ್ರಿ ಅಕ್ಕಾರ?" ಎಂದು ಕೇಳಿದೆ.

"ಭಾಳ ಛಲೋ ಅದರಿ" ಅಂದರು ಬೀಗತಿ, ಸೆರಗು ಸರಿಪಡಿಸಿಕೊಳ್ಳುತ್ತ.

ಅವರು ಅಲ್ಲೇ ಒಂದು ಗಳಿಗೆ ನಿಂತರು. ಬೀಗತಿ ಬಾಗಿಲಿಗೆ ಬಂದಿದ್ದಾರೆ, ಚಹಾ ಅನ್ನುವ ಮಾತು ನನ್ನ ಗಂಟಲಿನ ತನಕ ಬಂದು ನಿಂತಿದೆ. ನನ್ನ ಯೋಜನೆಯನ್ನು ನಾನೇ ಶಪಿಸಿಕೊಂಡೆ. "ರೈಲಿಗಿ ಹೊತ್ತಾಗ್ತದ ನೋಡ್ರಿ" ಎಂದು ಬೀಗತಿಯನ್ನು ಬರಿಹೊಟ್ಟೆಯಲ್ಲಿ ಕಳಿಸಿದೆ. ವಾಡಿ ಜಂಕ್ಷನ್ನಿನಲ್ಲಿ ಚಹಾ, ಭಜಿ ಎಲ್ಲ ಕೊಡಿಸು ಎಂದು ಎಂಜಿನಿಯರಿಗೆ ಹೇಳಿದ್ದೆ, ನಿಜ. ಆದರೆ ವಾಡಿ ಬರುವ ಮೊದಲೇ ಮಗಳ ಫೋನು ಬಂತು. "ಅವ್ವಾ, ನಮ್ಮ ಅತ್ತಿಗಿ ಒಂದು ಕಪ್ ಚಾನೂ ಕೊಡಲಿಲ್ಲೇನು? ಸಣ್ಣತ್ತಿ ಆಗಲೇ ರೈಲಿನಾಗಿಂದ ಫೋನ್ ಮಾಡಿ ಕೇಳ್ಯಾರ, ಏನಾಗ್ಯದ ನಿಮ್ಮವ್ವಗ ಅಂತ." ಸಣ್ಣತ್ತಿ ಅಂದರೆ ಆ ವಾರಗಿತ್ತಿ. ಏನು ಹೇಳಲಿ? ಇದು ಪರೀಕ್ಷೆಯ ಪದ್ಧತಿ ಎಂದು ಹೇಳಿದೆ. ಮಗಳು ಫೋನು ಇಟ್ಟುಬಿಟ್ಟಳು.

ಮರುದಿನ ಎಂಜಿನಿಯರ್ ಬಂದು ನನ್ನ ಮೇಜಿನ ಮೇಲೆ ಫೋನು ಇಟ್ಟಳು. ಅವರನ್ನು ಕೇಳಿಯೇ ರೆಕಾರ್ಡ್ ಮಾಡಿದ್ದಳು. ಶುರುವಿನಲ್ಲೇ ಅವಳ ದನಿ ಇತ್ತು: "ಅಮ್ಮಾ, ಇದನ್ನ ಸಂಗ್ರಹಾಲಯದೋರು ಕೇಳ್ತಾರ. ನಡೀತದೇನ್ರಿ?"

"ಕೇಳಲಿ ಬಿಡವ್ವ. ಮಾರಿ ಮುಂದ ಅಂದಂಗ ಆಗಂಗಿಲ್ಲಲ್ಲ" ಅಂದರು ಬೀಗತಿ.

ಆಮೇಲೆ ಬಂತು ನೋಡಿ ಮಾತು, ಗಾಲಿಗಳ ಸದ್ದಿನ ನಡುವೆ, ತಡೆಯಿಲ್ಲದೆ. ಬೀಗತಿಯೇ ಹೇಳುತ್ತಿದ್ದರು. "ಮೂರು ಮಂದಿ ಕೂಡಿ ಹೋದೆವು. ಕಿವಿಗಿ ಹಾಕ್ಕೋರಿ ಅಂತು ಫೋನು. ನನಗ ಹಿರೇಕಿ ಅಂತ ಕೊಟ್ರು, ಹಾಕ್ಕೊಂಡೆ. ನನಗ ಕಥಿ ಕೇಳಾಕತ್ತದ, ಇವರಿಬ್ಬರು ನನ್ನ ಮಾರಿ ನೋಡಕೋತ ನಿಂತಾರ. ಪಂಕ್ತಿಗಿ ಕುಂದ್ರಿಸಿ ಒಬ್ಬಾಕಿಗೇ ಬಡಿಸಿದಂಗ ಆತವ್ವ. ನಾ ಹ್ಯಾಂಗ ಉಣ್ಣಲಿ? ತಗದು ಇಟ್ಟುಬಿಟ್ಟೆ."

"ಎಲ್ಲಾರಿಗೂ ಒಂದೊಂದು ಫೋನ್ ಕೊಟ್ಟಿದ್ರ?" ಎಂದು ಕೇಳಿದಳು ಎಂಜಿನಿಯರ್.

"ಆವಾಗ ಒಬ್ಬೊಬ್ಬರು ಒಂದೊಂದು ಮೂಲಿಗಿ ಕುಂತು ಉಂಡಂಗ. ಕೂಡಿ ಯಾಕ ಹೋಗಬೇಕು ಹಂಗಾರ? ಮತ್ತ ಆಕಿ ಫೋನಿನಾಗಿನಾಕಿ ನಿಲ್ಲಂಗೇ ಇಲ್ಲ. ಆ ಆಕಳು ನೋಡ್ರೆ ಹ್ಯಾಂಗ ನಿಂತದ ಅಂತ ನಾ ಅನ್ನೂದ್ರಾಗ ಆಕಿ ಮುಂದಿನ ಕಲ್ಲಿಗಿ ಹೋಗಿ ನಿಂತಿದ್ದಳು. ನಮಗೂ ಒಂದು ಮಾತು ಇರತದಲ್ಲ."

ವಾರಗಿತ್ತಿಯ ದನಿ ನಡುವೆ ಬಂತು. "ಬೀಗತೇರು ಅದರಾಗ ಏನ್ ಮಾಡ್ತಾರಂತ?"

"ಏನೋಪ, ಗೊತ್ತಾಗಲಿಲ್ಲ" ಅಂದರು ಬೀಗತಿ. "ಚಾ ಅಂತೂ ಮಾಡಂಗಿಲ್ಲ."

ಎಲ್ಲರೂ ನಕ್ಕರು. ಆಮೇಲೆ ಬೀಗತಿ, "ಯಾಕವ್ವ ತಂಗಿ, ಸುಮ್ಮನಾದಿ? ಮಾರಿ ಯಾಕ ಸಣ್ಣ ಮಾಡಿದಿ? ನೀನೇ ಮಾಡಿದಿಯೇನದನ್ನ?" ಎಂದು ಕೇಳುವುದು ಕೇಳಿಸಿತು. ಎಂಜಿನಿಯರ್ ಹೌದು ಅಂದಿದ್ದಳು. "ಅಯ್ಯ ನಮ್ಮವ್ವ, ಮೊದಲೇ ಹೇಳಬಾರದಾ? ಛಲೋ ಅದ ಬಿಡು, ಛಲೋ ಅದ" ಎಂದು ಬೀಗತಿ ಗಾಬರಿಯಾಗಿ ಸಮಾಧಾನ ಮಾಡತೊಡಗಿದ್ದರು. ಅಲ್ಲಿಗೆ ಖರೇ ಮಾತು ಮುಗಿದಿತ್ತು. ಮುಗಿಯುವುದರೊಳಗೆ ನಮಗೆ ಬೇಕಾದದ್ದೆಲ್ಲ ಸಿಕ್ಕಿತ್ತು.

ನಾನು ಎಂಜಿನಿಯರ್ ಮುಖ ನೋಡಿದೆ. ಬೇಸರವಾಗಿದೆ ಅಂದುಕೊಂಡೆ. ಅವಳು, "ನಾ ಮೊದಲಿನಿಂದ ಒಬ್ಬರಿಗಂತನೇ ಮಾಡಿದ್ದೆ ಮೇಡಂ. ನಮ್ಮ ಮನ್ಯಾಗೂ ಎಲ್ಲಿಗಿ ಹೋದ್ರೂ ಎಲ್ಲಾರೂ ಕೂಡೇ ಹೋಗ್ತೀವಿ. ನೆನಪೇ ಆಗಲಿಲ್ಲ" ಅಂದಳು. ಆ ಮಾತಿಗೆ ನನಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಪದ್ಧತಿ ಮುರಿದು ಆಗಲೇ ಚಹಾ ತರಿಸಿದೆ.

ಸಾಹೇಬರಿಗೂ ಕೇಳಿಸಿ, ಇಯರ್‌ಫೋನು ತೆಗೆದು ಗುಂಪಿಗೆಲ್ಲ ಕೇಳುವ ಹಾಗೆ ಮಾಡೋಣ ಎಂದೆವು. ಪಂಕ್ತಿಯ ಮಾತಿಗೆ ನಕ್ಕರು, ಆಮೇಲೆ ಹಣೆ ಉಜ್ಜಿಕೊಂಡರು. "ಎಲ್ಲಾರೂ ಜೋರಾಗಿ ಹಚ್ಚಿದ್ರ ಗದ್ದಲ ಆಗ್ತದಲ್ಲ ಮೇಡಂ. ಸಂಗ್ರಹಾಲಯ ಅಂದ್ರ ಶಾಂತ ಇರಬೇಕು" ಅಂದರು.

"ಸರ್, ನಾ ಇಷ್ಟು ವರ್ಷ ಅಲ್ಲಿ ಬಾಯಿಬಿಟ್ಟೇ ಕಥಿ ಹೇಳೀನಿ. ಅದು ಗದ್ದಲ ಅಂತ ಯಾವ ಕಲ್ಲೂ ನಿಮಗ ದೂರು ಕೊಟ್ಟಿಲ್ಲ" ಅಂದೆ. ನಮ್ಮ ಕೋಣೆಗಳು ಸಣ್ಣವು, ಒಂದು ಕೋಣೆಯಲ್ಲಿ ಒಂದೇ ಗುಂಪು ನಿಲ್ಲುತ್ತದೆ, ದನಿ ಅಷ್ಟಕ್ಕೇ ಇರುವ ಹಾಗೆ ಇಡುತ್ತೇನೆ ಎಂದು ಎಂಜಿನಿಯರ್ ಕೂಡಿಸಿದಳು. ಹೊಸದಾಗಿ ಹೇಳಿಸಲು ಎಲ್ಲಿ ನಿಲ್ಲಬೇಕೆಂದು ಗೊತ್ತಿರುವ ದನಿ ಬೇಕು, ಅದು ಮೇಡಂ ಅವರದೇ ಆಗಲಿ ಎಂದೂ ಹೇಳಿದಳು. ನಮ್ಮ ಭಾಷೆ ಗ್ರಂಥಸ್ಥ ಅಲ್ಲ ಎಂಬ ಮಾತು ಸಾಹೇಬರ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ನಾನು ಅವರನ್ನು ಸುಮ್ಮನೆ ನೋಡುತ್ತ ಕುಳಿತೆ. "ಆತ್ರಿ, ನೀವೇ ಹೇಳ್ರಿ" ಅಂದರು.

ಕಂಪನಿಯವರು ಅದನ್ನು ಮತ್ತೆ ಕಟ್ಟಿದರು. ಈಗ ಆ್ಯಪ್ ತೆರೆದರೆ ಇಯರ್‌ಫೋನಿನ ಮಾತೇ ಇಲ್ಲ. "ಎಲ್ಲಾರೂ ಬಂದ್ರೇನ್ರಿ? ಹಿಂದ ಉಳದೋರಿಗಿ ಕರೀರಿ" ಎಂದು ನನ್ನ ದನಿ ಕರೆಯುತ್ತದೆ. ಪ್ರತಿ ಕಲ್ಲಿಗೂ ಒಂದಿಷ್ಟು ಹೇಳಿ ನಿಲ್ಲುತ್ತದೆ. ಮಂದಿ ಮಾತಾಡಿಕೊಳ್ಳಲಿ, ಜಗಳಾಡಲಿ, ಆಕಳು ನೋಡಲಿ. ಸಾಕಾದ ಮೇಲೆ ಯಾರಾದರೊಬ್ಬರು 'ಮುಂದ ಹೇಳ್ರಿ' ಎಂಬ ಗುಂಡಿ ಒತ್ತಿದರೆ ಕತೆ ಮುಂದೆ ಸಾಗುತ್ತದೆ. ನಾನು ನಿವೃತ್ತಳಾದ ಮೇಲೂ ಸೇಡಂನಲ್ಲಿ ಯಾರೋ 'ಮುಂದ ಹೇಳ್ರಿ' ಅನ್ನುತ್ತಾರೆ, ನಾನು ಹೇಳುತ್ತೇನೆ. ಇದನ್ನು ಬರೆಯುವಾಗಲೂ ನನ್ನ ಎದೆ ಉಬ್ಬುತ್ತದೆ. ಯಾಕೆ ಮುಚ್ಚಿಡಲಿ?

ಉದ್ಘಾಟನೆಯ ದಿನ ಬೀಗತಿ ದೊಡ್ಡ ಗುಂಪು ಕಟ್ಟಿಕೊಂಡು ಬಂದರು. ಮೊದಲು ಆ್ಯಪ್ ಹಿಡಿದು ಎಲ್ಲ ಕೋಣೆ ನೋಡಿದರು. ಆಮೇಲೆ ನಾನು ಕೂಡಿಸಿ, ಹಿಂದಿನದನ್ನೂ ಸೇರಿಸಿ ಚಹಾ ಕುಡಿಸಿದೆ. ಭಜಿ ಸಾಕು ಸಾಕು ಅಂದರೂ ಬಿಡಲಿಲ್ಲ. ಮನಸ್ಸು ತಡೆಯದೆ ಕೇಳಿದೆ. "ಈ ಸಲ ಹ್ಯಾಂಗಾಗ್ಯದ್ರಿ ಅಕ್ಕಾರ?"

"ಛಲೋ ಅದರಿ" ಅಂದರು.

ಅದೇ ಮಾತು, ಅದೇ ದನಿ, ಸೆರಗು ಸರಿಪಡಿಸಿಕೊಂಡದ್ದೂ ಅದೇ ರೀತಿ. ಇದರಿಂದ ಏನು ತಿಳಿಯಬೇಕು? ಮಗಳನ್ನು ನೋಡಿದ ಹಾಗೂ ಆಗುತ್ತದೆಂದು ಸಂಜೆ ಅವರ ಜೊತೆ ನಾನೂ ರೈಲು ಹತ್ತಿದೆ. ನಾನೇ ಎದುರಿಗೆ ಕುಳಿತಿರುವಾಗ ಖರೇ ಮಾತು ಹೊರಡುವುದಿಲ್ಲ ಎಂಬುದು ಗೊತ್ತಿತ್ತು. ಆದರೂ ಕಿವಿ ಕೇಳಬೇಕಲ್ಲ. ಚಿತ್ತಾಪುರ ಹೋಯಿತು. ಮಾತು ಮಳೆ, ಮೊಮ್ಮಕ್ಕಳ ಶಾಲೆ, ತೊಗರಿ ಬೆಳೆಯ ಸುತ್ತಲೇ ತಿರುಗಿತು. ವಾಡಿಯಲ್ಲಿ ಇಳಿದು ರಾಯಚೂರು ಕಡೆಯ ಗಾಡಿ ಹಿಡಿದೆವು. ಅಲ್ಲಿಗೆ ನಾನು ಆಸೆ ಬಿಟ್ಟೆ.

ಆ ಗಾಡಿಯಲ್ಲಿ ಯಾದಗಿರಿಗೆ ಹೊರಟ ಹೆಣ್ಣುಮಗಳೊಬ್ಬಳು ಬೀಗತಿಯ ಪಕ್ಕ ಕುಳಿತಳು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು. ಬೀಗತಿ ಕಾಲು ಮೇಲೆತ್ತಿ ಮಡಚಿಕೊಂಡು ಕುಳಿತರು.

"ಒಂದು ಕಲ್ಲದ ನೋಡವ್ವ. ಹೊಲದಾಗ ಸಿಕ್ಕಿದ್ದು. ಊರಿನ ದನ ಕಳ್ಳರು ಹೊಡಕೊಂಡು ಹೊಂಟಿದ್ರಂತ. ಒಬ್ಬಾಂವ ಎದ್ದ. ಯಾರೂ ಜೋಡಿ ಬರಲಿಲ್ಲ, ಒಬ್ಬಾಂವನೇ ಹೋದ." ಅಷ್ಟು ಹೇಳಿ ನಿಲ್ಲಿಸಿದರು.

ಆ ನಿಲುಗಡೆ ನನ್ನದು. ಅದೇ ಜಾಗ, ಅಷ್ಟೇ ಹೊತ್ತು.

"ಆಮ್ಯಾಲ?" ಅಂದಳು ಯಾದಗಿರಿಯವಳು.

ಬೀಗತಿ ಮುಂದೆ ಹೇಳಿದರು. ಕಾಳಗ ಹೇಳಿದರು, ದೇವಕನ್ಯೆಯರನ್ನು ಹೇಳಿದರು. "ದನ ಎಲ್ಲಾ ಮನಿಗಿ ಬಂದ್ವು. ಒಂದು ಆಕಳು ಮಾತ್ರ ತಿರುಗಿ ನೋಡಕೋತ ನಿಂತದ, ಅಂವ ಬರತಾನೇನು ಅಂತ" ಎನ್ನುವಾಗ ಅವರ ದನಿ ಸಣ್ಣದಾಯಿತು. ಎದುರಿನ ಸೀಟಿನವರೂ ಸುಮ್ಮನಾಗಿ ಕೇಳುತ್ತಿದ್ದರು. ಫೋನಿನ ಮಾತು, ಆ್ಯಪಿನ ಮಾತು ಒಂದೂ ಬರಲಿಲ್ಲ. ಬೀಗತಿ ತಮ್ಮ ತವರುಮನೆಯ ಸಂಗತಿ ಹೇಳಿದ ಹಾಗೆ ಹೇಳಿದರು.

"ಎಲ್ಲದರಿ ಆ ಕಲ್ಲು?" ಎಂದು ಯಾದಗಿರಿಯವಳು ಕೇಳುವಾಗ ಗಾಡಿ ನಾಲವಾರಕ್ಕೆ ನಿಧಾನವಾಗುತ್ತಿತ್ತು.

ಬೀಗತಿ ಬ್ಯಾಗು ಹೆಗಲಿಗೇರಿಸಿ ಎದ್ದರು. ನನ್ನ ತೋಳು ಹಿಡಿದು ನನ್ನನ್ನೂ ಎಬ್ಬಿಸಿದರು. "ಸೇಡಮ್ಮಿನಾಗ ಅದವ್ವ. ಅಲ್ಲಿ ಕಥಿ ಹೇಳೋರು ಇವರೇ, ನಮ್ಮ ಬೀಗತೇರು. ಹೋಗಿ ಕೇಳು. ಆದರ ಒಬ್ಬಾಕಿ ಹೋಗಬ್ಯಾಡ, ಮನಿ ಮಂದೀನೆಲ್ಲ ಕರಕೊಂಡು ಹೋಗು."